ಟಿಸಿಪಿ ಟ್ಯೂನಿಂಗ್

ಟಿಸಿಪಿ ಟ್ಯೂನಿಂಗ್ ಎಂದರೆ ಕಾರ್ಯಾಚರಣಾ ವ್ಯವಸ್ಥೆಯಲ್ಲಿರುವ ಜಾಲ ಸಂಬಂಧಿ ಸೆಟ್ಟಿಂಗ್‌ಗಳನ್ನು ಸಂಪರ್ಕದ ವೇಗ ಮತ್ತು ದೂರಕ್ಕೆ ತಕ್ಕಂತೆ ಹೊಂದಿಸಿ ದತ್ತಾಂಶದ ರವಾನೆಯನ್ನು ಚುರುಕುಗೊಳಿಸುವ ವಿಧಾನ. ಅಂತರಜಾಲದ ದತ್ತಾಂಶದ ದೊಡ್ಡ ಪಾಲು ಟ್ರಾನ್ಸ್‌ಮಿಷನ್ ಕಂಟ್ರೋಲ್ ಪ್ರೋಟೋಕಾಲ್ ಅಥವಾ ಟಿಸಿಪಿ ಎಂಬ ನಿಯಮಾವಳಿಯ ಮೂಲಕ ಸಾಗುತ್ತದೆ. ಸಂಪರ್ಕದ ಸಾಮರ್ಥ್ಯ ಹೆಚ್ಚಿದ್ದರೂ ಡೌನ್‌ಲೋಡ್ ನಿಧಾನವಾಗಿದ್ದಲ್ಲಿ, ದತ್ತಾಂಶವನ್ನು ಸ್ವೀಕರಿಸುವ ಗಣಕದ ರಿಸೀವ್ ವಿಂಡೋ ಚಿಕ್ಕದಾಗಿರುವುದು ಅದಕ್ಕೆ ಒಂದು ಮುಖ್ಯ ಕಾರಣ. ಹಿಂದೆ ಈ ಮೌಲ್ಯವನ್ನು ಬಳಕೆದಾರರೇ ಕೈಯಾರೆ ಬದಲಾಯಿಸಬೇಕಿತ್ತು. ಈಗಿನ ಕಾರ್ಯಾಚರಣಾ ವ್ಯವಸ್ಥೆಗಳು ಅದನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತವೆ. ಆದಕಾರಣ ಇಂದು ಟ್ಯೂನಿಂಗ್ ಕೆಲಸದ ಬಹುಭಾಗ ವೇಗವನ್ನು ತಡೆಯುತ್ತಿರುವ ಅಂಶ ಯಾವುದೆಂದು ಅಳೆದು ತಿಳಿಯುವುದೇ ಆಗಿದೆ.

== ಕಾರ್ಯವಿಧಾನ ==

ಟಿಸಿಪಿಯಲ್ಲಿ ಕಳುಹಿಸುವ ಗಣಕವು ದತ್ತಾಂಶವನ್ನು ಚಿಕ್ಕ ಪ್ಯಾಕೆಟ್‌ಗಳಾಗಿ ವಿಂಗಡಿಸಿ ರವಾನಿಸುತ್ತದೆ. ಅವು ತಲುಪಿದವೆಂದು ಸ್ವೀಕರಿಸುವ ಗಣಕವು ಸ್ವೀಕೃತಿ ಸಂದೇಶಗಳನ್ನು ಹಿಂದಕ್ಕೆ ಕಳುಹಿಸುತ್ತದೆ. ತನ್ನ ಬಫರಿನಲ್ಲಿ ಇನ್ನೆಷ್ಟು ಬೈಟ್‌ಗಳಿಗೆ ಸ್ಥಳವಿದೆ ಎಂಬುದನ್ನೂ ಪ್ರತಿ ಸಂದೇಶದಲ್ಲಿ ತಿಳಿಸುತ್ತದೆ. ಈ ಸಂಖ್ಯೆಯೇ ರಿಸೀವ್ ವಿಂಡೋ. ಸ್ವೀಕೃತಿ ಬಾರದೆ ಈ ಮಿತಿಗಿಂತ ಹೆಚ್ಚಿನ ದತ್ತಾಂಶವನ್ನು ಕಳುಹಿಸುವಂತಿಲ್ಲ. ಬಫರು ಪೂರ್ಣ ತುಂಬಿದಾಗ ವಿಂಡೋ ಸೊನ್ನೆಯಾಗುತ್ತದೆ ಮತ್ತು ಅಪ್ಲಿಕೇಶನ್ ಅದನ್ನು ಓದಿ ಖಾಲಿ ಮಾಡುವವರೆಗೆ ರವಾನೆ ನಿಲ್ಲುತ್ತದೆ.

ಕಳುಹಿಸುವ ಕಡೆಯಲ್ಲಿ ದಟ್ಟಣೆ ವಿಂಡೋ ಎಂಬ ಇನ್ನೊಂದು ಮಿತಿಯಿರುತ್ತದೆ. ಇದು ನಡುವಿನ ಜಾಲ ಎಷ್ಟು ಹೊರೆಯನ್ನು ತಾಳಬಲ್ಲದು ಎಂಬ ಅಂದಾಜು. ಈ ಎರಡರಲ್ಲಿ ಯಾವುದು ಚಿಕ್ಕದೋ ಅದು ರವಾನೆಯ ವೇಗವನ್ನು ನಿರ್ಧರಿಸುತ್ತದೆ. ಹೀಗಾಗಿ ದಟ್ಟಣೆ ವಿಂಡೋ ತಡೆಯಾಗಿರುವಾಗ ರಿಸೀವ್ ವಿಂಡೋವನ್ನು ಹಿಗ್ಗಿಸಿದರೆ ಯಾವ ಪ್ರಯೋಜನವೂ ಆಗುವುದಿಲ್ಲ.

== ಬ್ಯಾಂಡ್‌ವಿಡ್ತ್ ಮತ್ತು ವಿಳಂಬದ ಗುಣಲಬ್ಧ ==

ಬಾವಿಯಿಂದ ಒಂದು ಬಾರಿಗೆ ಒಂದೇ ಕೊಡ ನೀರು ತರುವುದಾದರೆ, ಗಂಟೆಗೆ ಮನೆ ಸೇರುವ ನೀರಿನ ಪ್ರಮಾಣವನ್ನು ಕೊಡದ ಗಾತ್ರ ಮತ್ತು ಬಾವಿಯ ದೂರ ನಿರ್ಧರಿಸುತ್ತವೆ. ದಾರಿಯ ಅಗಲದಿಂದ ವ್ಯತ್ಯಾಸವಾಗದು. ಟಿಸಿಪಿಯಲ್ಲೂ ಒಂದು ಸಂಪರ್ಕದ ಗರಿಷ್ಠ ವೇಗವು ವಿಂಡೋದ ಗಾತ್ರವನ್ನು ಪ್ಯಾಕೆಟ್ ಹೋಗಿಬರುವ ಸಮಯದಿಂದ ಭಾಗಿಸಿದಾಗ ಬರುವ ಮೌಲ್ಯವನ್ನು ಮೀರುವುದಿಲ್ಲ. ಸಂಪರ್ಕವನ್ನು ಪೂರ್ಣವಾಗಿ ಬಳಸಲು ಬೇಕಾಗುವ ವಿಂಡೋದ ಗಾತ್ರವು ಬ್ಯಾಂಡ್‌ವಿಡ್ತ್ ಮತ್ತು ಹೋಗಿಬರುವ ಸಮಯಗಳ ಗುಣಲಬ್ಧಕ್ಕೆ ಸಮ.

ಕೆಳಗಿನ ಪಟ್ಟಿಯಲ್ಲಿ 65,535 ಬೈಟ್‌ಗಳ ವಿಂಡೋ ಇರುವಾಗ ದೊರೆಯುವ ಗರಿಷ್ಠ ವೇಗವನ್ನೂ, ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕವನ್ನು ಪೂರ್ಣವಾಗಿ ಬಳಸಲು ಬೇಕಾಗುವ ವಿಂಡೋವನ್ನೂ ನೀಡಲಾಗಿದೆ.

| ಹೋಗಿಬರುವ ಸಮಯ | 65,535 ಬೈಟ್ ವಿಂಡೋದಲ್ಲಿ ಗರಿಷ್ಠ ವೇಗ (ಸೆಕೆಂಡಿಗೆ) | 100 ಮೆಗಾಬಿಟ್‌ಗೆ ಬೇಕಾದ ವಿಂಡೋ |
|---|---|---|
| 1 ಮಿಲಿಸೆಕೆಂಡ್ | 524 ಮೆಗಾಬಿಟ್ | 12.5 ಕಿಲೋಬೈಟ್ |
| 10 ಮಿಲಿಸೆಕೆಂಡ್ | 52.4 ಮೆಗಾಬಿಟ್ | 125 ಕಿಲೋಬೈಟ್ |
| 50 ಮಿಲಿಸೆಕೆಂಡ್ | 10.5 ಮೆಗಾಬಿಟ್ | 625 ಕಿಲೋಬೈಟ್ |
| 100 ಮಿಲಿಸೆಕೆಂಡ್ | 5.2 ಮೆಗಾಬಿಟ್ | 1.25 ಮೆಗಾಬೈಟ್ |
| 200 ಮಿಲಿಸೆಕೆಂಡ್ | 2.6 ಮೆಗಾಬಿಟ್ | 2.5 ಮೆಗಾಬೈಟ್ |
| 600 ಮಿಲಿಸೆಕೆಂಡ್ | 0.87 ಮೆಗಾಬಿಟ್ | 7.5 ಮೆಗಾಬೈಟ್ |

ಒಂದೇ ಕಟ್ಟಡದೊಳಗೆ ತೊಂದರೆಯಿಲ್ಲದೆ ನಡೆಯುವ ಸೆಟ್ಟಿಂಗ್ ದೂರದ ಸರ್ವರಿನಿಂದ ಡೌನ್‌ಲೋಡ್ ಮಾಡುವಾಗ ಏಕೆ ಸಾಲದು ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ. ದೂರದಿಂದಾಗುವ ವಿಳಂಬವನ್ನು ಯಾವ ಸೆಟ್ಟಿಂಗ್‌ನಿಂದಲೂ ಕಡಿಮೆ ಮಾಡಲಾಗದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರು ಮತ್ತು ನ್ಯೂಯಾರ್ಕ್ ನಡುವಿನ ನೇರ ದೂರ 13,000 ಕಿ.ಮೀ.ಗೂ ಅಧಿಕವಾದ್ದರಿಂದ ಹೋಗಿಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕು. ಕೇಬಲ್‌ಗಳು ಸುತ್ತುಬಳಸಿ ಸಾಗುವುದರಿಂದ ವಾಸ್ತವದಲ್ಲಿ ಇದು ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಮೀರುತ್ತದೆ. ಭೂಮಿಯಿಂದ 35,786 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳ ಮೂಲಕವಾದರೆ ವಿಳಂಬ ಇನ್ನೂ ಹೆಚ್ಚು.

== ಇತಿಹಾಸ ==

=== ಆರಂಭ ===

ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅವರು 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಟಿಸಿಪಿಯ ಮೂಲ ರೂಪವಿದೆ. 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 793 ಎಂಬ ದಾಖಲೆಯು ಅದನ್ನು ನಿಯಮಬದ್ಧಗೊಳಿಸಿತು. ಅದರಲ್ಲಿ ವಿಂಡೋದ ಗಾತ್ರವನ್ನು ಬರೆಯಲು 16 ಬಿಟ್‌ಗಳನ್ನು ಮೀಸಲಿಡಲಾಯಿತು. ಈ ಕಾರಣದಿಂದ ವಿಂಡೋ 65,535 ಬೈಟ್‌ಗಳನ್ನು ಮೀರುವಂತಿರಲಿಲ್ಲ. ಅಂದಿನ ನಿಧಾನಗತಿಯ ಜಾಲಗಳಿಗೆ ಇದು ಧಾರಾಳವಾಗಿತ್ತು.

1986ರ ಅಕ್ಟೋಬರಿನಲ್ಲಿ ಅಂತರಜಾಲವು ಮೊದಲ ಬಾರಿಗೆ ದಟ್ಟಣೆಯಿಂದ ಕುಸಿಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ನಡುವಿನ ಅಂತರ ಕೇವಲ 400 ಗಜವಾಗಿದ್ದರೂ, ಅವುಗಳ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ಇದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್ 1988ರಲ್ಲಿ ದಟ್ಟಣೆ ನಿಯಂತ್ರಣದ ವಿಧಾನಗಳನ್ನು ಪ್ರಕಟಿಸಿದರು. ದಟ್ಟಣೆ ವಿಂಡೋ ಬಳಕೆಗೆ ಬಂದದ್ದು ಈ ಕೆಲಸದಿಂದ.

=== ವಿಂಡೋ ಸ್ಕೇಲಿಂಗ್ ===

ಅದೇ ವರ್ಷ ಜೇಕಬ್ಸನ್ ಮತ್ತು ಬಾಬ್ ಬ್ರೇಡನ್ ಅವರು ಆರ್‌ಎಫ್‌ಸಿ 1072ರಲ್ಲಿ, ವೇಗವೂ ದೂರವೂ ಹೆಚ್ಚಿರುವ ಜಾಲಗಳಿಗಾಗಿ ಟಿಸಿಪಿಯನ್ನು ವಿಸ್ತರಿಸುವ ಸಲಹೆ ನೀಡಿದರು. ಇಂತಹ ಜಾಲಗಳಿಗೆ ಎಲ್‌ಎಫ್‌ಎನ್ ಎಂಬ ಹ್ರಸ್ವರೂಪವಿದೆ. ಅದನ್ನು ಆನೆಗಿರುವ ಇಂಗ್ಲಿಷ್ ಪದದಂತೆ ಉಚ್ಚರಿಸಬೇಕೆಂದು ದಾಖಲೆಯಲ್ಲಿ ವಿನೋದವಾಗಿ ಸೂಚಿಸಲಾಗಿದೆ. ಡೇವಿಡ್ ಬೋರ್ಮನ್ ಅವರೂ ಸೇರಿ ಸಿದ್ಧಪಡಿಸಿದ ಆರ್‌ಎಫ್‌ಸಿ 1323 ದಾಖಲೆ 1992ರ ಮೇ ತಿಂಗಳಲ್ಲಿ ಪ್ರಕಟವಾಯಿತು. 2014ರಲ್ಲಿ ಆರ್‌ಎಫ್‌ಸಿ 7323 ಅದರ ಸ್ಥಾನಕ್ಕೆ ಬಂದಿತು.

ಈ ವಿಧಾನದಲ್ಲಿ ಸಂಪರ್ಕ ಆರಂಭವಾಗುವಾಗ ಎರಡೂ ಗಣಕಗಳು ಒಂದು ಸ್ಕೇಲ್ ಅಂಶವನ್ನು ಪರಸ್ಪರ ತಿಳಿಸುತ್ತವೆ. ನಂತರ ಬರುವ ಪ್ರತಿಯೊಂದು ವಿಂಡೋ ಸಂಖ್ಯೆಯನ್ನೂ 2ರ ಆ ಘಾತದಿಂದ ಗುಣಿಸಿ ಓದಬೇಕು. ಈ ಅಂಶ 14ರವರೆಗೆ ಇರಬಹುದಾದ್ದರಿಂದ ವಿಂಡೋ ಸುಮಾರು 1 ಗಿಗಾಬೈಟ್‌ವರೆಗೆ ಹಿಗ್ಗಬಲ್ಲದು.

=== ಸ್ವಯಂ ಹೊಂದಾಣಿಕೆ ===

ಸ್ಕೇಲಿಂಗ್ ಬಂದ ಮೇಲೂ ಬಫರಿನ ಗಾತ್ರವನ್ನು ಯಾರಾದರೂ ನಿಗದಿಪಡಿಸಲೇಬೇಕಿತ್ತು. ಜಾಲತಜ್ಞರು ತಮ್ಮ ಯಂತ್ರಗಳನ್ನು ಹೊಂದಿಸಿಕೊಂಡು ಪಡೆಯುತ್ತಿದ್ದ ವೇಗಕ್ಕೂ, ಅದೇ ಜಾಲದಲ್ಲಿ ಸಾಮಾನ್ಯ ಬಳಕೆದಾರರಿಗೆ ದೊರೆಯುತ್ತಿದ್ದ ವೇಗಕ್ಕೂ ಇದರಿಂದ ಭಾರೀ ಅಂತರ ಉಂಟಾಯಿತು. ಸಂಶೋಧಕ ಮ್ಯಾಟ್ ಮ್ಯಾಥಿಸ್ ಇದನ್ನು ವಿಝರ್ಡ್ ಗ್ಯಾಪ್ ಎಂದು ಕರೆದರು, ಅಂದರೆ ಮಾಂತ್ರಿಕರಿಗೂ ಉಳಿದವರಿಗೂ ಇರುವ ಅಂತರ. ಜೆಫ್ರಿ ಸೆಮ್ಕೆ, ಜಮ್ಶೀದ್ ಮಹ್ದವಿ ಮತ್ತು ಮ್ಯಾಥಿಸ್ 1998ರಲ್ಲಿ ಬಫರನ್ನು ತಾನಾಗಿಯೇ ಹೊಂದಿಸುವ ವಿಧಾನವನ್ನು ಪ್ರಕಟಿಸಿದರು. ಮುಂದಿನ ವರ್ಷಗಳಲ್ಲಿ ಇಂತಹ ವಿಧಾನಗಳು ಒಂದೊಂದಾಗಿ ಕಾರ್ಯಾಚರಣಾ ವ್ಯವಸ್ಥೆಗಳೊಳಗೆ ಸೇರಿದವು. ಲಿನಕ್ಸ್ ಕರ್ನಲ್‌ನ 2.6 ಸರಣಿಯಲ್ಲಿ 2004ರಲ್ಲಿ, ವಿಂಡೋಸ್ ವಿಸ್ತಾದಲ್ಲಿ 2007ರಲ್ಲಿ ಮತ್ತು ಫ್ರೀಬಿಎಸ್‌ಡಿ 7.0ರಲ್ಲಿ 2008ರಲ್ಲಿ ಸ್ವೀಕರಿಸುವ ಕಡೆಯ ಸ್ವಯಂ ಹೊಂದಾಣಿಕೆ ಬಳಕೆಗೆ ಬಂದಿತು.

ಈ ಬದಲಾವಣೆಗೆ ಹಳೆಯ ಉಪಕರಣಗಳು ಅಡ್ಡಿಯಾದವು. 2004ರಲ್ಲಿ ಲಿನಕ್ಸ್ ಹೆಚ್ಚಿನ ಸ್ಕೇಲ್ ಅಂಶವನ್ನು ಬಳಸತೊಡಗಿದಾಗ, ನಡುವಿನ ಕೆಲವು ರೌಟರ್‌ಗಳು ಆ ಅಂಶವನ್ನು ಸೊನ್ನೆಯಾಗಿ ತಿದ್ದುತ್ತಿದ್ದುದು ಬೆಳಕಿಗೆ ಬಂದಿತು. ಸ್ವೀಕರಿಸುವವರು 128ರಿಂದ ಗುಣಿಸಬೇಕೆಂಬ ಎಣಿಕೆಯಲ್ಲಿ 45 ಎಂದು ತಿಳಿಸಿದರೆ, ಕಳುಹಿಸುವವರು ಅದನ್ನು ಬರೀ 45 ಬೈಟ್‌ಗಳೆಂದೇ ತಿಳಿಯುತ್ತಿದ್ದರು ಮತ್ತು ಸಂಪರ್ಕ ಬಹುತೇಕ ನಿಂತೇ ಹೋಗುತ್ತಿತ್ತು.

== ಕಾರಣವನ್ನು ಪತ್ತೆಹಚ್ಚುವ ಕ್ರಮ ==

ಯಾವುದೇ ಸೆಟ್ಟಿಂಗ್ ಬದಲಾಯಿಸುವ ಮೊದಲು ಈ ಕೆಳಗಿನವುಗಳನ್ನು ಪರಿಶೀಲಿಸುವುದು ರೂಢಿ.

* ಏಕಮಾನ: ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿಯೂ ಡೌನ್‌ಲೋಡ್ ವೇಗವನ್ನು ಬಹುಮಟ್ಟಿಗೆ ಬೈಟ್‌ಗಳಲ್ಲಿಯೂ ಹೇಳಲಾಗುತ್ತದೆ. ಒಂದು ಬೈಟ್‌ನಲ್ಲಿ 8 ಬಿಟ್‌ಗಳಿರುವುದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್‌ಗಿಂತ ಹೆಚ್ಚು ದೊರೆಯದು.
* ತಂತಿ ಮತ್ತು ವೈಫೈ: ಗಣಕವನ್ನು ಕೇಬಲ್ ಮೂಲಕ ರೌಟರಿಗೆ ಜೋಡಿಸಿದಾಗ ವೇಗ ಸುಧಾರಿಸಿದರೆ ದೋಷವಿರುವುದು ವೈಫೈನಲ್ಲಿ.
* ಹೋಗಿಬರುವ ಸಮಯ: ಪಿಂಗ್ ಆಜ್ಞೆಯಿಂದ ಇದನ್ನು ಅಳೆದು, ಬೇಕಾಗುವ ವಿಂಡೋವನ್ನು ಮೇಲಿನ ಸೂತ್ರದಿಂದ ಲೆಕ್ಕಹಾಕಬಹುದು.
* ಒಂದು ಸಂಪರ್ಕ ಮತ್ತು ಹಲವು ಸಂಪರ್ಕಗಳ ಹೋಲಿಕೆ: ಐಪರ್ಫ್3 ಉಪಕರಣದಲ್ಲಿ ಮೊದಲು ಒಂದೇ ಸಂಪರ್ಕದಿಂದ, ಅನಂತರ ಏಕಕಾಲಕ್ಕೆ ಹಲವು ಸಂಪರ್ಕಗಳಿಂದ ವೇಗವನ್ನು ಅಳೆಯಲಾಗುತ್ತದೆ. ಹಲವು ಸಂಪರ್ಕಗಳ ಒಟ್ಟು ವೇಗ ಗಣನೀಯವಾಗಿ ಹೆಚ್ಚಿದ್ದರೆ ವಿಂಡೋದ ಮಿತಿ ಅಥವಾ ಪ್ಯಾಕೆಟ್ ನಷ್ಟ ಕಾರಣವಾಗಿರುವ ಸಾಧ್ಯತೆಯಿದೆ. ಹೆಚ್ಚದಿದ್ದರೆ ಜಾಲದ ದಾರಿಯೇ ಆ ವೇಗದಲ್ಲಿ ತುಂಬಿದೆ ಎಂದು ತಿಳಿಯಬಹುದು.
* ಸರ್ವರ್: ಬೇರೆ ಸರ್ವರ್‌ಗಳಿಂದ ವೇಗ ಸರಿಯಾಗಿದ್ದರೆ ಮಿತಿಯು ಕಳುಹಿಸುವ ಕಡೆ ಇರಬಹುದು. ಸ್ವೀಕರಿಸುವ ಗಣಕದ ಸೆಟ್ಟಿಂಗ್‌ಗಳಿಂದ ಅದು ಸರಿಯಾಗದು.

ವೇಗ ಪರೀಕ್ಷೆಯ ಅನೇಕ ಜಾಲತಾಣಗಳು ಹತ್ತಿರದ ಸರ್ವರಿಗೆ ಏಕಕಾಲದಲ್ಲಿ ಹಲವು ಸಂಪರ್ಕಗಳನ್ನು ತೆರೆಯುತ್ತವೆ. ಪರೀಕ್ಷೆಯಲ್ಲಿ ಪೂರ್ಣ ವೇಗ ಕಂಡರೂ ದೂರದಿಂದ ಒಂದು ಕಡತವನ್ನು ಪಡೆಯುವಾಗ ನಿಧಾನವಾಗುವುದಕ್ಕೆ ಇದೇ ಕಾರಣವಾಗಿರಬಹುದು.

== ಕಾರ್ಯಾಚರಣಾ ವ್ಯವಸ್ಥೆಗಳಲ್ಲಿನ ಸೆಟ್ಟಿಂಗ್‌ಗಳು ==

=== ವಿಂಡೋಸ್ ===

ವಿಂಡೋಸ್ ಎಕ್ಸ್‌ಪಿಯಲ್ಲಿ ಸ್ವಯಂ ಹೊಂದಾಣಿಕೆ ಇರಲಿಲ್ಲ. 100 ಮೆಗಾಬಿಟ್ ಈಥರ್ನೆಟ್‌ನಲ್ಲಿ ಅದರ ಪೂರ್ವನಿಗದಿತ ವಿಂಡೋ 17,520 ಬೈಟ್ ಮಾತ್ರ. 200 ಮಿಲಿಸೆಕೆಂಡ್ ದೂರದ ಸರ್ವರಿನಿಂದ ಇದರಲ್ಲಿ ಸೆಕೆಂಡಿಗೆ ಸುಮಾರು 0.7 ಮೆಗಾಬಿಟ್‌ಗಿಂತ ಹೆಚ್ಚು ದೊರೆಯುತ್ತಿರಲಿಲ್ಲ. ರಿಜಿಸ್ಟ್ರಿಯಲ್ಲಿ ಟಿಸಿಪಿವಿಂಡೋಸೈಜ್ ಮತ್ತು ಟಿಸಿಪಿ1323ಆಪ್ಟ್ಸ್ ಎಂಬ ಮೌಲ್ಯಗಳನ್ನು ಬದಲಾಯಿಸುವುದು ಆಗ ನಿಜಕ್ಕೂ ಫಲಕಾರಿಯಾಗಿತ್ತು.

ವಿಸ್ತಾ ಮತ್ತು ನಂತರದ ಆವೃತ್ತಿಗಳಲ್ಲಿ ನೆಟ್‌ಶ್ ಎಂಬ ಉಪಕರಣವು ಈ ಸೆಟ್ಟಿಂಗ್‌ಗಳನ್ನು ತೋರಿಸುತ್ತದೆ ಮತ್ತು ಬದಲಾಯಿಸುತ್ತದೆ. ಸ್ವಯಂ ಹೊಂದಾಣಿಕೆಗೆ ಡಿಸೇಬಲ್ಡ್, ಹೈಲಿರೆಸ್ಟ್ರಿಕ್ಟೆಡ್, ರೆಸ್ಟ್ರಿಕ್ಟೆಡ್, ನಾರ್ಮಲ್ ಮತ್ತು ಎಕ್ಸ್‌ಪೆರಿಮೆಂಟಲ್ ಎಂಬ ಐದು ಮಟ್ಟಗಳಿವೆ. ಪೂರ್ವನಿಗದಿತವಾದ ನಾರ್ಮಲ್ ಮಟ್ಟದಲ್ಲಿ ವಿಂಡೋ 16 ಮೆಗಾಬೈಟ್‌ವರೆಗೆ ಬೆಳೆಯಬಲ್ಲದು. ವಿಸ್ತಾ ಬಂದ ಹೊಸದರಲ್ಲಿ ಕೆಲವು ರೌಟರ್ ಮತ್ತು ಫೈರ್‌ವಾಲ್‌ಗಳು ಸ್ಕೇಲಿಂಗನ್ನು ಸರಿಯಾಗಿ ನಿರ್ವಹಿಸದ ಕಾರಣ ಡಿಸೇಬಲ್ಡ್ ಮಟ್ಟವನ್ನು ಬಳಸುವ ಸಲಹೆ ವ್ಯಾಪಕವಾಗಿ ಹರಡಿತು. ಈ ಮಟ್ಟದಲ್ಲಿ ಸ್ಕೇಲ್ ಅಂಶವೇ ಇರುವುದಿಲ್ಲವಾದ್ದರಿಂದ ವಿಂಡೋ ಮತ್ತೆ 65,535 ಬೈಟ್‌ಗಳ ಹಳೆಯ ಮಿತಿಗೆ ಇಳಿಯುತ್ತದೆ. ಗಣಕವನ್ನು ಮರಳಿ ಆರಂಭಿಸಿದರೂ ಈ ಸೆಟ್ಟಿಂಗ್ ಉಳಿದಿರುತ್ತದೆ. ಇಂತಹ ಗಣಕದಲ್ಲಿ ಮಟ್ಟವನ್ನು ನಾರ್ಮಲ್‌ಗೆ ಮರಳಿಸುವುದೇ ಪರಿಹಾರ.

=== ಲಿನಕ್ಸ್ ===

ಲಿನಕ್ಸ್‌ನಲ್ಲಿ ಸಿಸ್‌ಸಿಟಿಎಲ್ ಆಜ್ಞೆಯ ಮೂಲಕ ಕರ್ನಲ್‌ನ ಮೌಲ್ಯಗಳನ್ನು ನೋಡಬಹುದು ಮತ್ತು ಬದಲಾಯಿಸಬಹುದು. ಸ್ವೀಕಾರಕ್ಕೆ ಸಂಬಂಧಿಸಿದ ಮುಖ್ಯ ಮೌಲ್ಯಗಳು ಹೀಗಿವೆ.

* ಟಿಸಿಪಿ_ಆರ್‌ಮೆಮ್: ಬಫರಿನ ಕನಿಷ್ಠ, ಆರಂಭಿಕ ಮತ್ತು ಗರಿಷ್ಠ ಗಾತ್ರಗಳನ್ನು ಸೂಚಿಸುವ ಮೂರು ಸಂಖ್ಯೆಗಳು. ಸಾಮಾನ್ಯವಾಗಿ ಗರಿಷ್ಠ ಮೌಲ್ಯ 62,91,456 ಬೈಟ್, ಅಂದರೆ 6 ಮೆಗಾಬೈಟ್.
* ಟಿಸಿಪಿ_ಮಾಡರೇಟ್_ಆರ್‌ಸಿವಿಬಫ್: ಇದು 1 ಆಗಿದ್ದರೆ ಸ್ವಯಂ ಹೊಂದಾಣಿಕೆ ಜಾರಿಯಲ್ಲಿರುತ್ತದೆ.
* ಟಿಸಿಪಿ_ವಿಂಡೋ_ಸ್ಕೇಲಿಂಗ್: ಇದೂ 1 ಆಗಿರಬೇಕು. 0 ಆದರೆ 65,535 ಬೈಟ್‌ಗಳ ಮಿತಿ ಮರಳುತ್ತದೆ.
* ಟಿಸಿಪಿ_ಸ್ಯಾಕ್: ಆಯ್ದ ಸ್ವೀಕೃತಿ ಎಂಬ ಸೌಲಭ್ಯ. 1996ರ ಆರ್‌ಎಫ್‌ಸಿ 2018 ಇದನ್ನು ವಿವರಿಸುತ್ತದೆ. ನಡುವೆ ಕಳೆದುಹೋದ ಪ್ಯಾಕೆಟ್‌ಗಳನ್ನಷ್ಟೇ ಮತ್ತೆ ಕಳುಹಿಸಲು ಇದು ನೆರವಾಗುತ್ತದೆ.

ಬಫರಿನ ಒಂದು ಭಾಗವನ್ನು ಕರ್ನಲ್ ತನ್ನ ಲೆಕ್ಕಪತ್ರಕ್ಕೆ ಬಳಸುವುದರಿಂದ, ಅನೇಕ ಆವೃತ್ತಿಗಳಲ್ಲಿ ಬಫರಿನ ಸುಮಾರು ಅರ್ಧದಷ್ಟು ಮಾತ್ರ ವಿಂಡೋವಾಗಿ ದೊರೆಯುತ್ತದೆ. ಹೀಗಾಗಿ 6 ಮೆಗಾಬೈಟ್ ಮಿತಿಯಲ್ಲಿ 200 ಮಿಲಿಸೆಕೆಂಡ್ ದೂರದಿಂದ ಸೆಕೆಂಡಿಗೆ ಸುಮಾರು 125 ಮೆಗಾಬಿಟ್ ಪಡೆಯಬಹುದು. ಸಾಮಾನ್ಯ ಬಳಕೆಗೆ ಇಷ್ಟು ಸಾಕು. ಆದರೆ ಅದೇ ದೂರದಲ್ಲಿ ಸೆಕೆಂಡಿಗೆ 1 ಗಿಗಾಬಿಟ್ ಸಂಪರ್ಕವನ್ನು ತುಂಬಲು 25 ಮೆಗಾಬೈಟ್ ವಿಂಡೋ ಬೇಕು. ಖಂಡಗಳ ನಡುವೆ ಭಾರೀ ಕಡತಗಳನ್ನು ಸಾಗಿಸುವ ಸಂಶೋಧನಾ ಕೇಂದ್ರಗಳು ಇಂದಿಗೂ ಗರಿಷ್ಠ ಮೌಲ್ಯವನ್ನು 64 ಮೆಗಾಬೈಟ್ ಅಥವಾ ಅದಕ್ಕೂ ಹೆಚ್ಚಿಸಿಕೊಳ್ಳುವುದು ಈ ಕಾರಣಕ್ಕೆ.

ಅಪ್ಲಿಕೇಶನ್ ತಾನೇ ಎಸ್‌ಒ_ಆರ್‌ಸಿವಿಬಫ್ ಆಯ್ಕೆಯಿಂದ ಬಫರಿನ ಗಾತ್ರವನ್ನು ನಿಗದಿಪಡಿಸಿದರೆ, ಲಿನಕ್ಸ್ ಆ ಸಂಪರ್ಕಕ್ಕೆ ಸ್ವಯಂ ಹೊಂದಾಣಿಕೆಯನ್ನು ನಿಲ್ಲಿಸುತ್ತದೆ. ವೇಗ ಹೆಚ್ಚಿಸಲೆಂದು ಬರೆದ ಈ ಸಾಲು ಅನೇಕ ಸಲ ವೇಗವನ್ನು ತಗ್ಗಿಸುತ್ತದೆ.

=== ಮ್ಯಾಕ್ ಓಎಸ್ ಮತ್ತು ಫ್ರೀಬಿಎಸ್‌ಡಿ ===

ಈ ಎರಡೂ ವ್ಯವಸ್ಥೆಗಳಲ್ಲಿ ಸಿಸ್‌ಸಿಟಿಎಲ್ ಆಜ್ಞೆಯೇ ಬಳಕೆಯಲ್ಲಿದ್ದು, ಮೌಲ್ಯಗಳ ಹೆಸರುಗಳು ಬೇರೆಯಾಗಿವೆ. ಫ್ರೀಬಿಎಸ್‌ಡಿಯಲ್ಲಿ ಆರ್‌ಸಿವಿಬಫ್_ಆಟೋ ಅಲ್ಲ, ರೆಕ್ವ್‌ಬಫ್_ಆಟೋ ಎಂಬ ಮೌಲ್ಯ ಸ್ವಯಂ ಹೊಂದಾಣಿಕೆಯನ್ನೂ ರೆಕ್ವ್‌ಬಫ್_ಮ್ಯಾಕ್ಸ್ ಎಂಬುದು ಗರಿಷ್ಠ ಗಾತ್ರವನ್ನೂ ನಿಯಂತ್ರಿಸುತ್ತವೆ.

== ವಿಂಡೋ ಹೊರತಾದ ಕಾರಣಗಳು ==

'''ಪ್ಯಾಕೆಟ್ ನಷ್ಟ:''' ಪ್ಯಾಕೆಟ್ ಕಳೆದುಹೋದಾಗಲೆಲ್ಲ ಟಿಸಿಪಿ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ವೇಗವನ್ನು ತಗ್ಗಿಸುತ್ತದೆ. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ವೇಗವು ಹೋಗಿಬರುವ ಸಮಯಕ್ಕೂ ನಷ್ಟದ ಪ್ರಮಾಣದ ವರ್ಗಮೂಲಕ್ಕೂ ವಿಲೋಮವಾಗಿರುತ್ತದೆ. 200 ಮಿಲಿಸೆಕೆಂಡ್ ದೂರದಲ್ಲಿ 10,000 ಪ್ಯಾಕೆಟ್‌ಗಳಿಗೆ ಒಂದು ಕಳೆದುಹೋದರೂ ಹಳೆಯ ದಟ್ಟಣೆ ನಿಯಂತ್ರಣ ವಿಧಾನದಲ್ಲಿ ವೇಗ ಸೆಕೆಂಡಿಗೆ ಸುಮಾರು 7 ಮೆಗಾಬಿಟ್‌ಗೆ ಸೀಮಿತವಾಗುತ್ತದೆ. ಲಿನಕ್ಸ್‌ನಲ್ಲಿ 2006ರಿಂದ ಪೂರ್ವನಿಗದಿತವಾಗಿರುವ ಕ್ಯೂಬಿಕ್ ಮತ್ತು ಗೂಗಲ್ ರೂಪಿಸಿದ ಬಿಬಿಆರ್ ವಿಧಾನಗಳು ಈ ಸ್ಥಿತಿಯನ್ನು ಸುಧಾರಿಸಿವೆ. ಆದರೆ ಇವು ಕಳುಹಿಸುವ ಕಡೆ ಕೆಲಸ ಮಾಡುವಂಥವು. ಡೌನ್‌ಲೋಡ್ ಮಾಡುವವರು ತಮ್ಮ ಗಣಕದಲ್ಲಿ ಇವನ್ನು ಬದಲಾಯಿಸಿದರೆ ಡೌನ್‌ಲೋಡ್ ವೇಗ ಹೆಚ್ಚುವುದಿಲ್ಲ.

'''ಎಂಟಿಯು:''' ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ ಈಥರ್ನೆಟ್‌ನಲ್ಲಿ 1,500 ಬೈಟ್, ಪಿಪಿಪಿಒಇ ಬಳಸುವ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ 1,492 ಬೈಟ್. ಪ್ಯಾಕೆಟ್ ದೊಡ್ಡದಾಯಿತೆಂದು ತಿಳಿಸುವ ಐಸಿಎಂಪಿ ಸಂದೇಶಗಳನ್ನು ದಾರಿಯಲ್ಲಿನ ಫೈರ್‌ವಾಲ್ ತಡೆದರೆ ದೊಡ್ಡ ಪ್ಯಾಕೆಟ್‌ಗಳು ಸುಳಿವಿಲ್ಲದೆ ಕಳೆದುಹೋಗುತ್ತವೆ. ಪಿಂಗ್ ಸರಿಯಾಗಿದ್ದು ದೊಡ್ಡ ಪುಟಗಳು ಮಾತ್ರ ಅರ್ಧಕ್ಕೆ ನಿಲ್ಲುವುದು ಇದರ ಲಕ್ಷಣ.

'''ಡ್ಯೂಪ್ಲೆಕ್ಸ್ ಹೊಂದಿಕೆಯಾಗದಿರುವುದು:''' ಗಣಕ ಮತ್ತು ಸ್ವಿಚ್‌ಗಳಲ್ಲಿ ಒಂದು ಪೂರ್ಣ ಡ್ಯೂಪ್ಲೆಕ್ಸ್‌ನಲ್ಲೂ ಇನ್ನೊಂದು ಅರ್ಧ ಡ್ಯೂಪ್ಲೆಕ್ಸ್‌ನಲ್ಲೂ ಇದ್ದರೆ ಸಂಪರ್ಕ ಕಡಿಯುವುದಿಲ್ಲ. ಆದರೆ ಹೊರೆ ಹೆಚ್ಚಿದಂತೆ ವೇಗ ಕುಸಿಯುತ್ತದೆ. ಒಂದು ಕಡೆ ಮಾತ್ರ ವೇಗವನ್ನು ಕೈಯಾರೆ ನಿಗದಿಪಡಿಸಿದಾಗ ಈ ದೋಷ ತಲೆದೋರುತ್ತದೆ.

'''ಜಾಲ ಕಾರ್ಡಿನ ಬಫರು:''' ಪ್ಯಾಕೆಟ್‌ಗಳು ಕಾರ್ಡಿಗೆ ಬರುವ ವೇಗದಲ್ಲಿ ಕರ್ನಲ್ ಅವನ್ನು ಎತ್ತಿಕೊಳ್ಳದಿದ್ದರೆ ಕಾರ್ಡಿನ ರಿಂಗ್ ಬಫರು ತುಂಬಿ ಪ್ಯಾಕೆಟ್‌ಗಳು ನಷ್ಟವಾಗುತ್ತವೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಆಜ್ಞೆಯಿಂದ ಈ ನಷ್ಟವನ್ನು ಎಣಿಸಬಹುದು ಮತ್ತು ಬಫರನ್ನು ಹಿಗ್ಗಿಸಬಹುದು. ಇದು ಹೆಚ್ಚಾಗಿ ಅಧಿಕ ಹೊರೆಯ ಸರ್ವರ್‌ಗಳಲ್ಲಿ ಕಾಣುವ ಸಮಸ್ಯೆ.

== ತಪ್ಪು ಕಲ್ಪನೆಗಳು ಮತ್ತು ಅಪಾಯಗಳು ==

ವಿಂಡೋಸ್ ಎಕ್ಸ್‌ಪಿಯು ಬ್ಯಾಂಡ್‌ವಿಡ್ತ್‌ನ 20 ಶೇಕಡಾ ಭಾಗವನ್ನು ತನಗಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ದೀರ್ಘಕಾಲ ಪ್ರಚಲಿತವಾಗಿತ್ತು. ಆದ್ಯತೆಯನ್ನು ಕೋರುವ ಅಪ್ಲಿಕೇಶನ್ ಇದ್ದಾಗ ಮಾತ್ರ ಆ ಮೀಸಲು ಅನ್ವಯಿಸುತ್ತದೆ, ಉಳಿದ ವೇಳೆ ಪೂರ್ಣ ಬ್ಯಾಂಡ್‌ವಿಡ್ತ್ ಎಲ್ಲರಿಗೂ ಲಭ್ಯ ಎಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿತು.

ಅರ್ಥ ತಿಳಿಯದೆ ನಕಲಿಸಿದ ಸೆಟ್ಟಿಂಗ್‌ಗಳು ಹಾನಿಯನ್ನೂ ಮಾಡಬಲ್ಲವು. ಲಿನಕ್ಸ್‌ನ ಟಿಸಿಪಿ_ಟಿಡಬ್ಲ್ಯೂ_ರೀಸೈಕಲ್ ಎಂಬ ಮೌಲ್ಯವನ್ನು ವೇಗವರ್ಧಕವೆಂದು ಅನೇಕರು ಸರ್ವರ್‌ಗಳಲ್ಲಿ ಜಾರಿಗೊಳಿಸಿದ್ದರು. ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡ ಹಲವು ಗಣಕಗಳ ಪೈಕಿ ಕೆಲವಕ್ಕೆ ಇದರಿಂದ ಸಂಪರ್ಕವೇ ದೊರೆಯುತ್ತಿರಲಿಲ್ಲ. ಕೊನೆಗೆ 2017ರಲ್ಲಿ ಕರ್ನಲ್ 4.12ರಿಂದ ಅದನ್ನು ತೆಗೆದುಹಾಕಲಾಯಿತು. 2019ರ ಜೂನ್‌ನಲ್ಲಿ ಸ್ಯಾಕ್ ಪ್ಯಾನಿಕ್ ಎಂಬ ಭದ್ರತಾ ದೋಷ ಬಹಿರಂಗವಾದಾಗ ಟಿಸಿಪಿ_ಸ್ಯಾಕ್ ಸೌಲಭ್ಯವನ್ನು ನಿಲ್ಲಿಸುವುದು ತಾತ್ಕಾಲಿಕ ಪರಿಹಾರವಾಗಿತ್ತು. ಕರ್ನಲ್ ನವೀಕರಿಸಿದ ಬಳಿಕವೂ ಅದನ್ನು ಹಾಗೆಯೇ ಬಿಟ್ಟರೆ, ನಷ್ಟವಿರುವ ಸಂಪರ್ಕಗಳಲ್ಲಿ ವೇಗ ಕಡಿಮೆಯಾಗಿಯೇ ಉಳಿಯುತ್ತದೆ.

ಬಫರು ಅತಿ ದೊಡ್ಡದಾಗುವುದೂ ಒಳ್ಳೆಯದಲ್ಲ. ಸಾವಿರಾರು ಸಂಪರ್ಕಗಳಿರುವ ಸರ್ವರಿನಲ್ಲಿ ಅದು ಸ್ಮೃತಿಯನ್ನು ಬರಿದುಮಾಡಬಲ್ಲದು. ರೌಟರ್ ಮತ್ತು ಮೋಡೆಮ್‌ಗಳಲ್ಲಿನ ಮಿತಿಮೀರಿದ ಬಫರುಗಳಲ್ಲಿ ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯುವುದರಿಂದ ಕರೆ ಮತ್ತು ಆಟಗಳಲ್ಲಿ ವಿಳಂಬ ಹೆಚ್ಚುತ್ತದೆ. ಜಿಮ್ ಗೆಟ್ಟಿಸ್ 2010ರ ಸುಮಾರಿಗೆ ಇದನ್ನು ಬಫರ್‌ಬ್ಲೋಟ್ ಎಂದು ಹೆಸರಿಸಿ ಜನರ ಗಮನಕ್ಕೆ ತಂದರು. ಇದನ್ನು ತಗ್ಗಿಸಲು ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು.

ಮೂಲ ಮೌಲ್ಯಗಳನ್ನು ಬರೆದಿಟ್ಟುಕೊಳ್ಳುವುದು, ಒಂದು ಬಾರಿಗೆ ಒಂದೇ ಸೆಟ್ಟಿಂಗ್ ಬದಲಾಯಿಸುವುದು, ಪ್ರತಿ ಬದಲಾವಣೆಯ ನಂತರ ಅದೇ ಪರಿಸ್ಥಿತಿಯಲ್ಲಿ ಮತ್ತೆ ಅಳೆಯುವುದು ಮತ್ತು ಪ್ರಯೋಜನವಾಗದಿದ್ದಲ್ಲಿ ಮೂಲ ಮೌಲ್ಯಕ್ಕೆ ಮರಳುವುದು ಟ್ಯೂನಿಂಗ್‌ನ ಸುರಕ್ಷಿತ ಕ್ರಮಗಳಾಗಿವೆ.

== ಇವನ್ನೂ ನೋಡಿ ==

* ಅಂತರಜಾಲ ಶಿಷ್ಟಾಚಾರ
* ಬ್ಯಾಂಡ್‌ವಿಡ್ತ್
* ದಟ್ಟಣೆ ನಿಯಂತ್ರಣ
* ಬಫರ್‌ಬ್ಲೋಟ್
* ಲಿನಕ್ಸ್ ಕರ್ನಲ್